ಅಭ್ಯರ್ಥಿ ಬದಲಾದರು, ಕಾರಣ ಬರಲಿಲ್ಲ

2024ರ ಮಾರ್ಚ್ 24ರಂದು ನಾನು ಹಳಿಯಾಳದಲ್ಲಿದ್ದೆ. ಊರು ಹೋಳಿಯ ಗುಂಗಿನಲ್ಲಿತ್ತು. ಲೋಕಸಭಾ ಚುನಾವಣೆಗಾಗಿ ಬಿಜೆಪಿ ದೆಹಲಿಯಲ್ಲಿ ಬಿಡುಗಡೆ ಮಾಡಿದ ಐದನೇ ಪಟ್ಟಿ ಮೊಬೈಲ್‌ಗಳಲ್ಲಿ ಹರಿದಾಡತೊಡಗಿದಾಗ ಚಹಾದಂಗಡಿಯಲ್ಲಿ ಕುಳಿತಿದ್ದವರೆಲ್ಲ ಅದರಲ್ಲಿ ಒಂದೇ ಕ್ಷೇತ್ರವನ್ನು ಹುಡುಕಿದರು. ಉತ್ತರ ಕನ್ನಡದ ಮುಂದೆ ಆರು ಬಾರಿ ಗೆದ್ದ ಅನಂತಕುಮಾರ ಹೆಗಡೆಯವರ ಹೆಸರಿರಲಿಲ್ಲ. ವಿಶ್ವೇಶ್ವರ ಹೆಗಡೆ ಕಾಗೇರಿಯವರ ಹೆಸರಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಮೊಬೈಲ್ ಕಡೆ ಬಾಗಿ ಕೇಳಿದರು: ‘ಸರ, ಯಾಕ ತಗದ್ರು ಅಂತ ಬರದಾರೇನ್ರಿ ಅದರಾಗ?’

ಬರೆದಿರಲಿಲ್ಲ. ಹಾಗೆ ಬರೆಯುವ ಪದ್ಧತಿ ನಮ್ಮ ಯಾವ ಪಕ್ಷದಲ್ಲೂ ಇಲ್ಲ. ಆದರೂ ಆ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಪಕ್ಷ ತನ್ನ ಬಹುತೇಕ ಖಚಿತ ಅಭ್ಯರ್ಥಿಯನ್ನು ಬದಲಿಸೀತೇ ಎಂಬ ಚರ್ಚೆ ಅದಕ್ಕೂ ಎರಡು ವಾರ ಮೊದಲೇ ಕಾವೇರಿತ್ತು. ಸಂವಿಧಾನಕ್ಕೆ ತಿದ್ದುಪಡಿ ತರಬೇಕಾದರೆ ಲೋಕಸಭೆಯಲ್ಲಿ 400ಕ್ಕೂ ಹೆಚ್ಚು ಸ್ಥಾನ ಬೇಕು, ರಾಜ್ಯಸಭೆಯಲ್ಲೂ ಮೂರನೇ ಎರಡರಷ್ಟು ಬಲ ಬೇಕು ಎಂದು ಹೆಗಡೆ ತಮ್ಮ ಜಿಲ್ಲೆಯ ಸಭೆಯೊಂದರಲ್ಲಿ ಹೇಳಿದ್ದರು. ಅದು ಅವರ ವೈಯಕ್ತಿಕ ಅಭಿಪ್ರಾಯ, ಅವರಿಂದ ವಿವರಣೆ ಕೇಳುತ್ತೇವೆ ಎಂದು ಪಕ್ಷ ಕೈ ತೊಳೆದುಕೊಂಡಿತು. ವಿರೋಧ ಪಕ್ಷಗಳು ಆ ಒಂದು ವಾಕ್ಯವನ್ನು ಹಿಡಿದು ದೇಶವಿಡೀ ಪ್ರಚಾರ ನಡೆಸಿದವು.

ಆದರೆ ಈ ಮಾತು ಹೊಸದೇ? 2017ರ ಡಿಸೆಂಬರ್‌ನಲ್ಲಿ, ಕೇಂದ್ರದಲ್ಲಿ ರಾಜ್ಯ ಸಚಿವರಾಗಿದ್ದಾಗಲೇ, ಕೊಪ್ಪಳ ಜಿಲ್ಲೆಯ ಕುಕನೂರಿನಲ್ಲಿ ಅವರು ಸಂವಿಧಾನವನ್ನು ಬದಲಿಸಲೆಂದೇ ತಾವು ಬಂದಿರುವುದಾಗಿ ಹೇಳಿದ್ದರು. ಸಂಸತ್ತಿನಲ್ಲಿ ಗದ್ದಲವೆದ್ದ ಮೇಲೆ ಲೋಕಸಭೆಯಲ್ಲಿ ಕ್ಷಮೆ ಕೋರಿದರು. 2019ರಲ್ಲಿ ಪಕ್ಷ ಅವರಿಗೇ ಟಿಕೆಟ್ ಕೊಟ್ಟಿತು. 2020ರ ಫೆಬ್ರುವರಿಯಲ್ಲಿ ಸ್ವಾತಂತ್ರ್ಯ ಚಳವಳಿಯನ್ನು ಹೀಗಳೆದಾಗ ನೋಟಿಸ್ ಕೊಟ್ಟಿತು, ಅಷ್ಟೆ. (1930ರ ಉಪ್ಪಿನ ಸತ್ಯಾಗ್ರಹವನ್ನು ಕಂಡ ಅಂಕೋಲಾ ಇರುವ ಜಿಲ್ಲೆಯ ಸಂಸದರ ಬಾಯಲ್ಲಿ ಆ ಮಾತು ಬಂತು ಎಂಬುದನ್ನು ಓದುಗರು ಗಮನಿಸಬೇಕು.) ಆರು ವರ್ಷ ಸಹ್ಯವಾಗಿದ್ದ ಮಾತು ಏಕಾಏಕಿ ಅಸಹ್ಯವಾದದ್ದು ಹೇಗೆ?

‘ಗೆಲ್ಲುವ ಕುದುರೆ’ ಎಂಬುದೇ ಅಷ್ಟೂ ವರ್ಷ ಸಿಗುತ್ತಿದ್ದ ಉತ್ತರ. ಅಂಕಿಗಳೂ ಹಾಗೇ ಹೇಳುವಂತೆ ಕಾಣುತ್ತಿದ್ದವು. 1996ರಲ್ಲಿ ಮೊದಲು ಗೆದ್ದ ಹೆಗಡೆ ಸೋತದ್ದು 1999ರಲ್ಲಿ ಮಾರ್ಗರೆಟ್ ಆಳ್ವಾ ಅವರೆದುರು ಒಮ್ಮೆ ಮಾತ್ರ. 2009ರಲ್ಲಿ ಅದೇ ಆಳ್ವಾ ಅವರೆದುರು ಸುಮಾರು 23 ಸಾವಿರ ಇದ್ದ ಅಂತರ, 2014ರಲ್ಲಿ ಹಳಿಯಾಳದ ಶಾಸಕ ಆರ್.ವಿ. ದೇಶಪಾಂಡೆಯವರ ಮಗ ಪ್ರಶಾಂತ ದೇಶಪಾಂಡೆ ಎದುರಾಳಿಯಾದಾಗ 1,40,700 ಆಯಿತು. 2019ರಲ್ಲಿ ಅದು 4,79,649ಕ್ಕೆ ಏರಿತು. ಇಂಥವರನ್ನು ಬಿಡುವ ಧೈರ್ಯ ಯಾರಿಗಿದೆ ಎಂದು ಪಕ್ಷದ ಕಾರ್ಯಕರ್ತರೇ ಕೇಳುತ್ತಿದ್ದರು.

ಬಿಟ್ಟಾಗ ಏನಾಯಿತು ನೋಡಿ. 2019ರಲ್ಲಿ ಹೆಗಡೆಯವರಿಗೆ ಬಿದ್ದ ಮತ 7,86,042. 2024ರಲ್ಲಿ ಕಾಗೇರಿಯವರಿಗೆ ಬಿದ್ದದ್ದು 7,82,495. ವ್ಯತ್ಯಾಸ 3,547. ಅದೂ ಹೆಗಡೆ ಪ್ರಚಾರದಿಂದ ದೂರವೇ ಉಳಿದಾಗ. ಹಿಂದಿನ ವರ್ಷವಷ್ಟೇ ಶಿರಸಿ ವಿಧಾನಸಭಾ ಕ್ಷೇತ್ರದಲ್ಲಿ ಸೋತಿದ್ದ, ಬಿರುಸಿನ ಮಾತಿಗಿಂತ ವಿಧಾನಸಭಾಧ್ಯಕ್ಷರ ಪೀಠದಿಂದ ಪರಿಚಿತರಾಗಿದ್ದ ಕಾಗೇರಿ 3,37,428 ಮತಗಳ ಅಂತರದಿಂದ ಗೆದ್ದರು. ಮತಪ್ರಮಾಣ ಸುಮಾರು ಶೇಕಡಾ 68ರಿಂದ 62ಕ್ಕೆ ಇಳಿಯಿತು ಎಂಬುದು ನಿಜ. ಹೆಚ್ಚು ಜನ ಮತ ಹಾಕಿದ್ದರು, ರಾಜ್ಯದಲ್ಲಿ ಕಾಂಗ್ರೆಸ್ ಸರ್ಕಾರವೂ ಬಂದಿತ್ತು. ಆದರೂ ಆ ಏಳೂಮುಕ್ಕಾಲು ಲಕ್ಷ ಮತಗಳು ಒಬ್ಬ ವ್ಯಕ್ತಿಯ ನಾಲಿಗೆಗೆ ಬಿದ್ದವಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಅಂದರೆ 2019ರಲ್ಲೂ ಬೇರೊಬ್ಬರನ್ನು ನಿಲ್ಲಿಸಿ ಗೆಲ್ಲಬಹುದಿತ್ತು. ಗೆಲುವಿನ ಅನಿವಾರ್ಯತೆ ಎಂಬುದು ಒಂದು ನೆಪವಾಗಿತ್ತೆಂದೇ ನನ್ನ ಭಾವನೆ.

ಸಂವಿಧಾನದ ಮಾತು ಬೆಂಗಳೂರಿನ ವಿಚಾರ ಸಂಕಿರಣಗಳಲ್ಲಿ ತತ್ವದ ಪ್ರಶ್ನೆಯಾಗಿರಬಹುದು. ಹಳಿಯಾಳ, ಜೊಯಿಡಾ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಅದು ಶಾಲೆಯ ದಾಖಲಾತಿಯ, ಜಾತಿ ಪ್ರಮಾಣಪತ್ರದ ಪ್ರಶ್ನೆ. ಆಫ್ರಿಕಾ ಮೂಲದ ಸಿದ್ದಿಗಳು ಇಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಮೂರು ಧರ್ಮಗಳಲ್ಲಿ ಹಂಚಿಹೋಗಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿದ್ದು 2003ರಲ್ಲಿ; ಸಂವಿಧಾನದ 342ನೇ ವಿಧಿಯ ಬಾಗಿಲಿನಿಂದಲೇ ಅವರು ಒಳಗೆ ಬಂದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅವರನ್ನು ಕಳುಹಿಸಿದ್ದು ಬಿಜೆಪಿ ಸರ್ಕಾರವೇ ಎಂಬುದನ್ನೂ ಹೇಳಬೇಕು. ಜೊಯಿಡಾದ ಕುಣಬಿಗಳು ಅದೇ ಬಾಗಿಲನ್ನು ಬಹುಕಾಲದಿಂದ ತಟ್ಟುತ್ತಿದ್ದರು. 2024ರ ಚುನಾವಣೆಯ ಹೊತ್ತಿಗೂ ಅದು ಅವರಿಗೆ ತೆರೆದಿರಲಿಲ್ಲ. ತಮ್ಮ ಸಂಸದರು ಸಂವಿಧಾನವನ್ನೇ ಬದಲಿಸುವ ಮಾತಾಡಿದಾಗ ಇವರು ಏನೆಂದು ತಿಳಿಯಬೇಕು? ಪಕ್ಷ ಆ ಮಾತನ್ನು ಒಪ್ಪದೆ ಅವರನ್ನು ತೆಗೆದಿದ್ದರೆ ಅದನ್ನು ಬಾಯಿಬಿಟ್ಟು ಹೇಳಿಸಿಕೊಳ್ಳುವ ಹಕ್ಕು ಈ ಜನರಿಗಿತ್ತು.

ಅದಕ್ಕಾಗಿ ತೆಗೆದದ್ದಲ್ಲ ಎನ್ನುವವರೂ ಇದ್ದಾರೆ. ಗೆದ್ದ ಮೇಲೆ ಹೆಗಡೆ ಕ್ಷೇತ್ರಕ್ಕೆ ಕಾಣಿಸಿಕೊಂಡದ್ದೇ ಅಪರೂಪ, ಕಾರ್ಯಕರ್ತರೇ ಬೇಸತ್ತಿದ್ದರು ಎಂದು ದಾಂಡೇಲಿಯ ಪರಿಚಿತರೊಬ್ಬರು ನನ್ನೊಡನೆ ವಾದಿಸಿದರು. ಕಾಗದದ ಕಾರ್ಖಾನೆಯ ಊರಿನವರು ಸಂಸದರನ್ನು ಅಳೆಯುವುದು ಭಾಷಣದಿಂದಲ್ಲ, ಕೆಲಸದಿಂದ ಎಂದರು. ಇರಬಹುದು. ಹಾಗಾದರೆ ಅದನ್ನಾದರೂ ಹೇಳಬೇಕಿತ್ತು. ಕಾರಣ ಹೇಳದಿದ್ದುದರ ಫಲವೇನೆಂದರೆ, ಮಾತಿಗಾಗಿ ತೆಗೆದರು ಎಂದು ಒಬ್ಬರು ಸಮಾಧಾನಪಟ್ಟರು, ಮಾತಿಗಾಗಿ ಅಲ್ಲ ಎಂದು ಇನ್ನೊಬ್ಬರು ಸಮಾಧಾನಪಟ್ಟರು. ಪಕ್ಷಕ್ಕೆ ಇಬ್ಬರ ಮತವೂ ಸಿಕ್ಕಿತು.

ಅಭ್ಯರ್ಥಿ ಬದಲಾವಣೆಯ ಪ್ರಶ್ನೆ ಅಮೆರಿಕದಲ್ಲೂ ಎರಡು ಬಾರಿ ದೊಡ್ಡದಾಗಿ ಎದ್ದಿದೆ. 2016ರಲ್ಲಿ ಡೊನಾಲ್ಡ್ ಟ್ರಂಪ್ ರಿಪಬ್ಲಿಕನ್ ಪಕ್ಷದ ಖಚಿತ ಅಭ್ಯರ್ಥಿಯಾಗುತ್ತಿದ್ದಂತೆ, ಅವರ ಮಾತುಗಳಿಂದ ಬೆಚ್ಚಿದ ಪಕ್ಷದ ಕೆಲವರು ಮಹಾಧಿವೇಶನದ ಪ್ರತಿನಿಧಿಗಳಿಗೆ ಆತ್ಮಸಾಕ್ಷಿಯಂತೆ ಮತ ಹಾಕುವ ಸ್ವಾತಂತ್ರ್ಯ ಕೊಡಿಸಲು ಯತ್ನಿಸಿದರು. ನಿಯಮಾವಳಿ ಸಮಿತಿಯಲ್ಲೇ ಆ ಯತ್ನ ಬಿದ್ದುಹೋಯಿತು. ಪ್ರಾಥಮಿಕ ಚುನಾವಣೆಗಳಲ್ಲಿ ಮತದಾರರು ಆರಿಸಿದ್ದನ್ನು ನಾಯಕರು ಅಳಿಸಲಾಗಲಿಲ್ಲ. 2024ರ ಜೂನ್ 27ರ ಚರ್ಚೆಯಲ್ಲಿ ಜೋ ಬೈಡನ್ ಮುಗ್ಗರಿಸಿದಾಗಲೂ ಡೆಮಾಕ್ರಟಿಕ್ ಪಕ್ಷ ಒತ್ತಡ ಹೇರಬಹುದಿತ್ತೇ ಹೊರತು ಅವರನ್ನು ತೆಗೆಯುವಂತಿರಲಿಲ್ಲ. ಜುಲೈ 21ರಂದು ಅವರೇ ಪತ್ರ ಬರೆದು ಹಿಂದೆ ಸರಿದರು, ಮೂರು ದಿನಗಳ ನಂತರ ದೇಶವನ್ನುದ್ದೇಶಿಸಿ ಮಾತನಾಡಿದರು. ಅವರು ಕೊಟ್ಟ ಕಾರಣ ಎಲ್ಲರಿಗೂ ಒಪ್ಪಿಗೆಯಾಯಿತೆಂದಲ್ಲ. ಒಪ್ಪಲು ಅಥವಾ ಜರೆಯಲು ಜನರ ಮುಂದೆ ಒಂದು ಕಾರಣವಂತೂ ಇತ್ತು.

ನಮ್ಮಲ್ಲಿ ಬದಲಾವಣೆ ಅಂಗೈ ತಿರುವಿದಷ್ಟು ಸಲೀಸು. 1968ರ ಚುನಾವಣಾ ಚಿಹ್ನೆಗಳ ಆದೇಶದಂತೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಯಾರ ಹೆಸರಿನ ಬಿ ಫಾರಂ ಚುನಾವಣಾಧಿಕಾರಿಯ ಕೈ ಸೇರುತ್ತದೋ ಅವರೇ ಪಕ್ಷದ ಅಭ್ಯರ್ಥಿ. ಮೊದಲೊಬ್ಬರಿಗೆ ಕೊಟ್ಟು, ಅದನ್ನು ರದ್ದುಮಾಡಿ ಇನ್ನೊಬ್ಬರಿಗೆ ಕೊಡಲೂ ಅವಕಾಶವಿದೆ. ಗುಜರಾತಿನ ವಡೋದರಾ ಮತ್ತು ಸಾಬರಕಾಂಠಾದಲ್ಲಿ ಘೋಷಿತರಾಗಿದ್ದ ಅಭ್ಯರ್ಥಿಗಳು ಹಿಂದೆ ಸರಿದು, ಅವರ ಜಾಗಕ್ಕೆ ಬೇರೆಯವರು ಬಂದದ್ದು ಉತ್ತರ ಕನ್ನಡದ ಹೆಸರಿದ್ದ ಅದೇ ಐದನೇ ಪಟ್ಟಿಯಲ್ಲಿ. ಪಕ್ಷಗಳ ಆಂತರಿಕ ಪ್ರಜಾಪ್ರಭುತ್ವಕ್ಕೆ ಕಾನೂನಿನ ಚೌಕಟ್ಟು ಬೇಕೆಂದು ಕಾನೂನು ಆಯೋಗ 1999ರಲ್ಲೇ, ತನ್ನ 170ನೇ ವರದಿಯಲ್ಲಿ ಹೇಳಿತ್ತು. ಅದನ್ನು ಜಾರಿಗೆ ತರುವ ಆತುರ ಯಾವ ಸರ್ಕಾರಕ್ಕೂ ಬರಲಿಲ್ಲ.

ಕಾಂಗ್ರೆಸ್ಸಿನ ಕಥೆಯೂ ಇದಕ್ಕಿಂತ ಭಿನ್ನವಲ್ಲ. 2023ರಲ್ಲಿ ಖಾನಾಪುರದಲ್ಲಿ ಸೋತಿದ್ದ ಅಂಜಲಿ ನಿಂಬಾಳ್ಕರ್ ಅವರಿಗೆ ಅದು ಉತ್ತರ ಕನ್ನಡದ ಟಿಕೆಟ್ ಕೊಟ್ಟಾಗ, ಮುಂಡಗೋಡದ ಕಾರ್ಯಕರ್ತನನ್ನು ಯಾರು ಕೇಳಿದ್ದರು? ವಿಧಾನಸಭೆಗೆ ಸೋತ ಇಬ್ಬರ ನಡುವೆ ಲೋಕಸಭೆಗೆ ಆರಿಸಿಕೊಳ್ಳಿರೆಂದು ಎರಡೂ ಪಕ್ಷಗಳು ನಮ್ಮ ಜನರಿಗೆ ಹೇಳಿದವು.

ಒಂದು ಕಡೆ ಮಾತ್ರ ಸಣ್ಣ ಬಿರುಕಿನಿಂದ ಬೆಳಕು ಬಂದಿದೆ. ಕ್ರಿಮಿನಲ್ ಪ್ರಕರಣ ಬಾಕಿ ಇರುವವರಿಗೆ ಟಿಕೆಟ್ ಕೊಟ್ಟರೆ ಅದಕ್ಕೆ ಕಾರಣವನ್ನೂ, ಅಂಥ ಪ್ರಕರಣವಿಲ್ಲದ ಬೇರೊಬ್ಬರು ಏಕೆ ಸಿಗಲಿಲ್ಲ ಎಂಬುದನ್ನೂ ಪಕ್ಷ ಪ್ರಕಟಿಸಬೇಕು, ಗೆಲ್ಲುವ ಸಾಮರ್ಥ್ಯವೊಂದೇ ಕಾರಣವಾಗುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿ 13ರಂದು ಆದೇಶಿಸಿತು. ಕೊಡುವುದಕ್ಕೆ ಕಾರಣ ಕೇಳಬಹುದಾದರೆ ತೆಗೆಯುವುದಕ್ಕೂ ಕೇಳಬಹುದು. ಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಸಾಲು ಬರೆಯಲು ಕಾಗದದ ಕೊರತೆಯೇನಿಲ್ಲ. ದಾಂಡೇಲಿ ಇರುವ ಜಿಲ್ಲೆಗಂತೂ ಖಂಡಿತ ಇಲ್ಲ.

ಹಳಿಯಾಳದ ಆ ಹಿರಿಯರಿಗೆ ನಾನು ಅಂದು ಇಲ್ಲವೆಂದು ತಲೆಯಾಡಿಸಿದೆ. ಅವರು ಚಹಾ ಮುಗಿಸಿ, ದುಡ್ಡು ಕೊಟ್ಟು, ಹೊರಡುವ ಮೊದಲು ಮತ್ತೊಮ್ಮೆ ಮೊಬೈಲ್ ಕಡೆ ನೋಡಿ ಕೇಳಿದರು: ‘ಮತ್ತ ಆ ಮಾತು? ಅದನ್ನೂ ತಗದಾರೋ, ಬರೇ ಮನಷ್ಯಾನ್ನ ಅಷ್ಟ ತಗದಾರೋ?’