ಮಗನ ಫೋನ್ ಸ್ವಿಚ್ ಆಫ್ ಆದ ರಾತ್ರಿ

ಎರಡು ವರ್ಷದ ಹಿಂದಿನ ಮಾತು. ಬಕ್ರೀದ್‌ಗೆ ನಾಲ್ಕು ದಿನ ಬಾಕಿ ಇತ್ತು. ಇಶಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುತ್ತಿದ್ದಂತೆ ನಮ್ಮ ಮಹಲ್ಲಿನವರೊಬ್ಬರು ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದರು. "ಉಸ್ತಾದ್, ಮಗನ ಫೋನ್ ಮಧ್ಯಾಹ್ನದಿಂದ ಸ್ವಿಚ್ ಆಫ್. ಉಮ್ಮ ಊಟ ಮಾಡ್ಲಿಲ್ಲ" ಎಂದರು. ಹುಡುಗ ನಮ್ಮ ಮದ್ರಸದಲ್ಲೇ ಕಲಿತವನು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಹಬ್ಬಕ್ಕೆ ರಾತ್ರಿ ಬಸ್ಸಿನಲ್ಲಿ ಬರುತ್ತಾನೆ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು.

ರೂಮಿನ ಗೆಳೆಯರಿಗೆ ಫೋನ್ ಮಾಡಿದಾಗ ಬೇರೆಯೇ ಸಂಗತಿ ಗೊತ್ತಾಯಿತು. ಅವನು ಬೆಳಿಗ್ಗೆಯೇ ಬೈಕಿನಲ್ಲಿ ಹೊರಟಿದ್ದ. ಸೆಕೆಂಡ್‌ಹ್ಯಾಂಡ್ ಬೈಕ್ ತೆಗೆದುಕೊಂಡದ್ದೇ ಮನೆಗೆ ಗೊತ್ತಿರಲಿಲ್ಲ. ಇಬ್ಬರು ಗೆಳೆಯರ ಜೊತೆ ಮದ್ದೂರಿಗೆ ಬಂದು ವಡೆ ತಿಂದು, ಮಳವಳ್ಳಿ ದಾಟಿ ಶಿವನಸಮುದ್ರದ ಗಗನಚುಕ್ಕಿ ನೋಡಿದ್ದಾರೆ. ಮತ್ತೆ ಮಳವಳ್ಳಿಗೆ ಬಂದು ಗೆಳೆಯರು ಬೆಂಗಳೂರಿಗೆ ತಿರುಗಿದ್ದಾರೆ. ಇವನು ಮೈಸೂರು, ಮಡಿಕೇರಿ ಮೇಲಿಂದ ಊರಿಗೆ ಹೋಗುತ್ತೇನೆ ಎಂದಿದ್ದಾನೆ. ಆಗ ಮಧ್ಯಾಹ್ನ ಸುಮಾರು ಒಂದು ಗಂಟೆ. ಆಮೇಲೆ ಅವನನ್ನು ಕಂಡವರಿಲ್ಲ.

ಹುಡುಗನ ಉಪ್ಪ, ಅವರ ತಮ್ಮ, ಡ್ರೈವರ್ ಮತ್ತು ನಾನು ರಾತ್ರಿಯೇ ಕಾರಿನಲ್ಲಿ ಹೊರಟೆವು. ಘಾಟಿ ಹತ್ತುವಾಗ ಯಾರೂ ಮಾತಾಡಲಿಲ್ಲ. ಪ್ರತಿ ತಿರುವಿನಲ್ಲೂ ಉಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದರು. ಸುಬುಹಿ ಹೊತ್ತಿಗೆ ಮಂಡ್ಯ ತಲುಪಿದೆವು.

ಮಳವಳ್ಳಿಯಿಂದ ಎತ್ತ ಹೋದ?

ನಮ್ಮ ಕರಾವಳಿಯವರಿಗೆ ಮಂಡ್ಯ ಎಂದರೆ ಬಸ್ಸಿನ ಕಿಟಕಿಯಿಂದ ಕಾಣುವ ಕಬ್ಬಿನ ಗದ್ದೆ ಮಾತ್ರ. ಅಲ್ಲಿ ಇಳಿದು ಒಬ್ಬನನ್ನು ಹುಡುಕಲು ಹೊರಟಾಗಲೇ ಆ ಜಿಲ್ಲೆ ಎಷ್ಟು ದೊಡ್ಡದು ಎಂದು ಗೊತ್ತಾಗುವುದು. ಮಳವಳ್ಳಿಯಿಂದ ದಾರಿ ಕವಲೊಡೆಯುತ್ತದೆ. ಒಂದು ಕೆ.ಎಂ. ದೊಡ್ಡಿ ಮೇಲೆ ಮದ್ದೂರಿಗೆ. ಇನ್ನೊಂದು ಹಲಗೂರು ಮೇಲೆ ಕನಕಪುರಕ್ಕೆ. ಮತ್ತೊಂದು ಕಿರುಗಾವಲು, ಬನ್ನೂರು ಮೇಲೆ ಮೈಸೂರಿಗೆ. ಕಿರುಗಾವಲು ಎಂದರೆ ನೂರಾರು ಭತ್ತದ ತಳಿಗಳನ್ನು ಉಳಿಸಿದ ರೈತ ಸಯ್ಯದ್ ಘನಿ ಖಾನ್ ಅವರ ಊರು. ಮೈಸೂರಿಗೆ ಹೋಗುವವನು ಕಿರುಗಾವಲು ದಾರಿ ಹಿಡಿಯಬೇಕು. ನಾವೂ ಹಾಗೆಯೇ ಎಣಿಸಿದೆವು. ಅರ್ಧ ದಿನ ಆ ದಾರಿಯ ಹೋಟೆಲ್, ಪೆಟ್ರೋಲ್ ಬಂಕ್, ಮಸೀದಿಗಳಲ್ಲಿ ಫೋಟೋ ತೋರಿಸುತ್ತಾ ತಿರುಗಿದೆವು.

ಹುಡುಗ ಆ ದಾರಿಯಲ್ಲಿ ಹೋಗಿರಲೇ ಇಲ್ಲ. ಬೆಳಿಗ್ಗೆ ವಡೆ ತಿಂದ ಹೋಟೆಲಿನಲ್ಲಿ ಪವರ್ ಬ್ಯಾಂಕ್ ಬಿಟ್ಟು ಬಂದಿದ್ದನಂತೆ. ಅದನ್ನು ತರಲು ಮದ್ದೂರಿನ ಕಡೆ ತಿರುಗಿದ್ದ. ಇದನ್ನು ಯಾರು ಊಹಿಸುತ್ತಾರೆ ಹೇಳಿ?

ನೀರಿನ ಭಯ

ದಾರಿಯಲ್ಲಿ ಕೇಳಿದವರೆಲ್ಲ ಮೊದಲು ಹೇಳಿದ್ದು ಒಂದೇ ಮಾತು, "ನಾಲೆ ಕಡೆ ನೋಡಿದ್ರಾ ಸಾ?" ಉಪ್ಪನ ಮುಖ ಬಿಳಿಚಿಕೊಂಡಿತು. ಆ ಪ್ರಶ್ನೆಗೆ ಕಾರಣ ಉಂಟು. ಕೆಆರ್‌ಎಸ್‌ನಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ, ಅಂದರೆ ಮಂಡ್ಯದವರ ವಿ.ಸಿ. ನಾಲೆ, ಆ ಜಿಲ್ಲೆಯ ಅನ್ನದ ಬಟ್ಟಲು. ಮೊದಲು ಇರ್ವಿನ್ ನಾಲೆ ಎನ್ನುತ್ತಿದ್ದರು. ಅದರ ಪಕ್ಕದಲ್ಲೇ ರಸ್ತೆಗಳಿವೆ. ಹಲವು ಕಡೆ ತಡೆಗೋಡೆ ಇರಲಿಲ್ಲ.

2018ರ ನವೆಂಬರ್ 24ರಂದು ಪಾಂಡವಪುರ ತಾಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ಈ ನಾಲೆಗೆ ಬಿದ್ದು 30 ಮಂದಿ ತೀರಿಕೊಂಡರು. ಅವರಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದೇ ರಾತ್ರಿ ಮಂಡ್ಯದ ಅಂಬರೀಶ್ ಕೂಡ ತೀರಿಕೊಂಡದ್ದರಿಂದ ಅಲ್ಲಿನವರು ಆ ದಿನವನ್ನು ಇಂದಿಗೂ ಮರೆತಿಲ್ಲ. 2023ರ ಜುಲೈ ಕೊನೆಯಲ್ಲಿ ಒಂದೆರಡು ದಿನಗಳ ಅಂತರದಲ್ಲಿ ಎರಡು ಕಾರುಗಳು ನಾಲೆಗೆ ಉರುಳಿದವು. ಅದೇ ವರ್ಷ ನವೆಂಬರ್‌ನಲ್ಲಿ ಬನಘಟ್ಟ ಬಳಿ ಇನ್ನೊಂದು ಕಾರು ಬಿದ್ದು ಐವರು ಹೋದರು. 2025ರ ಫೆಬ್ರವರಿಯಲ್ಲಿ ಮಂಡ್ಯ ಸಮೀಪ ಮತ್ತೊಂದು ಕಾರು ಬಿತ್ತು. ಮೂವರು ತೀರಿಕೊಂಡರು, ಒಬ್ಬರು ಬದುಕಿದರು.

ನಾಲೆಯ ನೀರಿನ ಬಣ್ಣ ಕೆಸರು. ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ. ಬಿದ್ದದ್ದನ್ನು ನೋಡಿದವರು ಇದ್ದರೆ ಅಗ್ನಿಶಾಮಕ ದಳದವರು, ಮುಳುಗುಗಾರರು ಬರುತ್ತಾರೆ. ನಾಲೆಗೆ ಬಿಡುವ ನೀರು ಕಡಿಮೆ ಮಾಡಿಸಿ ಹುಡುಕುತ್ತಾರೆ. ನೋಡಿದವರು ಇಲ್ಲದಿದ್ದರೆ ನೀರು ತಾನಾಗಿ ಇಳಿಯುವವರೆಗೆ ಸಂಗತಿ ಗೊತ್ತಾಗದೆ ಉಳಿಯಬಹುದು. 2022ರ ಆಗಸ್ಟ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಾರ್ಟಿ ಮುಗಿಸಿ ಕಾರಿನಲ್ಲಿ ಹೊರಟ 16 ವರ್ಷದ ಹುಡುಗಿಯನ್ನು ಪೊಲೀಸರು ಎರಡು ವಾರ ಕಾಡಿನಲ್ಲೆಲ್ಲ ಹುಡುಕಿದರು. ಕೊನೆಗೆ ಸ್ವಯಂಸೇವಕ ಮುಳುಗುಗಾರರಿಗೆ ಕಾರು ಸಿಕ್ಕಿದ್ದು ಅಲ್ಲೇ ಹತ್ತಿರದ ಜಲಾಶಯದಲ್ಲಿ, ದಡದ ಸಮೀಪ. ಅಷ್ಟು ಯಂತ್ರ, ಹೆಲಿಕಾಪ್ಟರ್ ಇರುವ ದೇಶದಲ್ಲೇ ಹೀಗೆ.

ಮಳವಳ್ಳಿ ತಾಲೂಕಿನ ಮುತ್ತತ್ತಿಯ ಕಾವೇರಿಯೂ ಹಾಗೆಯೇ. ಮೇಲೆ ಶಾಂತ, ಒಳಗೆ ಸುಳಿ ಮತ್ತು ಬಂಡೆ. 2023ರ ಡಿಸೆಂಬರ್‌ನಲ್ಲಿ ಮೈಸೂರಿನಿಂದ ಬಂದ ತಂಡದ ನಾಲ್ವರು ಅಲ್ಲಿ ಮುಳುಗಿದರು. 2024ರ ಏಪ್ರಿಲ್‌ನಲ್ಲಿ ಕನಕಪುರ ತಾಲೂಕಿನ ಸಂಗಮದಲ್ಲಿ ಬೆಂಗಳೂರಿನ ಐವರು ವಿದ್ಯಾರ್ಥಿಗಳು ಹೋದರು. ಟ್ರಿಪ್ ಎಂದು ಹೊರಟ ಮಕ್ಕಳು. ಒಬ್ಬರನ್ನು ಎಳೆಯಲು ಹೋಗಿ ಇನ್ನೊಬ್ಬರು ಮುಳುಗುವುದೇ ಇಂತಹ ದುರಂತಗಳಲ್ಲಿ ಹೆಚ್ಚು. ನಮ್ಮ ಮಕ್ಕಳು ಕಡಲ ಬದಿಯವರು, ಈಜು ಬರುತ್ತದೆ ಎಂಬ ಧೈರ್ಯ ಅವರಿಗೆ ಉಂಟು. ಹೊಳೆಯ ಸುಳಿಗೆ ಆ ಧೈರ್ಯ ಸಾಲದು.

ನಾವು ಮಾಡಿದ ತಪ್ಪುಗಳು

ಇದನ್ನು ಬರೆಯುವುದು ಬೇರೆಯವರಿಗೆ ಬುದ್ಧಿ ಹೇಳಲು ಅಲ್ಲ. ನಾವೇ ಮಾಡಿದ ತಪ್ಪು ಇನ್ನೊಬ್ಬರು ಮಾಡಬಾರದು ಎಂದು.

ಮೊದಲನೆಯದು, ರಾತ್ರಿಯೇ ಪೊಲೀಸ್ ಠಾಣೆಗೆ ಹೋಗಲಿಲ್ಲ. "24 ಗಂಟೆ ಆಗದೆ ಕಂಪ್ಲೇಂಟ್ ತಗೊಳ್ಳುವುದಿಲ್ಲ" ಎಂದು ಹಿರಿಯರೊಬ್ಬರು ಹೇಳಿದರು, ನಾವು ನಂಬಿದೆವು. ಅಂತಹ ಕಾನೂನು ಇಲ್ಲ. ಗಾಬರಿ ಆದ ಕೂಡಲೇ 112ಕ್ಕೆ ಕರೆ ಮಾಡಬಹುದು. ಘಟನೆ ನಡೆದ ಊರಿನ ಠಾಣೆಗೇ ಹೋಗಬೇಕೆಂದೂ ಇಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಅವರು ಝೀರೋ ಎಫ್‌ಐಆರ್ ಮಾಡಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಕಾಣೆಯಾದವರು 18 ವರ್ಷಕ್ಕಿಂತ ಚಿಕ್ಕವರಾದರೆ ಕಡ್ಡಾಯವಾಗಿ ಎಫ್‌ಐಆರ್ ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಮೊಬೈಲ್ ಕೊನೆಗೆ ಯಾವ ಟವರ್‌ನಲ್ಲಿತ್ತು ಎಂಬುದನ್ನು ಪಡೆಯುವ ಅಧಿಕಾರ ಪೊಲೀಸರಿಗೆ ಮಾತ್ರ. ನಾವು ರಾತ್ರಿಯೇ ಹೋಗಿದ್ದರೆ ಮರುದಿನ ಕಿರುಗಾವಲು ದಾರಿಯಲ್ಲಿ ಅಲೆಯಬೇಕಿರಲಿಲ್ಲ.

ಎರಡನೆಯದು, ವಾಟ್ಸ್ಯಾಪ್. ಹುಡುಗನ ಫೋಟೋದ ಕೆಳಗೆ ಉಮ್ಮನ ನಂಬರ್ ಹಾಕಿ ಎಲ್ಲ ಗ್ರೂಪ್‌ಗಳಿಗೆ ಕಳಿಸಿದೆವು. ಬೆಳಗಾಗುವುದರೊಳಗೆ ಆ ತಾಯಿಗೆ ಮೂರು ಕರೆ ಬಂದಿತ್ತು. "ನಿಮ್ಮ ಮಗ ನಮ್ಮ ಹತ್ತಿರ ಇದ್ದಾನೆ, ಹಣ ಹಾಕಿ" ಎಂದು. ಮೂರೂ ಸುಳ್ಳು. ಮಗ ಇಲ್ಲದ ಮನೆಯಲ್ಲಿ ಅಂತಹ ಕರೆ ಬಂದರೆ ಹೆತ್ತ ಕರುಳು ಏನಾಗಬೇಕು? ಸಂದೇಶ ಕಳಿಸುವುದಾದರೆ ಠಾಣೆಯ ನಂಬರ್ ಮತ್ತು ಗಟ್ಟಿ ಮನಸ್ಸಿನ ಒಬ್ಬ ಗಂಡಸಿನ ನಂಬರ್ ಹಾಕಿ. ದಿನಾಂಕ ಬರೆಯಿರಿ. ಸಿಕ್ಕಿದ ಮೇಲೆ ಸಿಕ್ಕಿದ ಎಂದೂ ಕಳಿಸಿ. ನಮ್ಮ ಹುಡುಗನ ಫೋಟೋ ಆರು ತಿಂಗಳ ನಂತರವೂ ಗಲ್ಫಿನ ಗ್ರೂಪ್‌ಗಳಲ್ಲಿ ತಿರುಗುತ್ತಿತ್ತು.

ಮೂರನೆಯದು, ಆಸ್ಪತ್ರೆಗಳನ್ನು ಕೊನೆಗೆ ನೋಡಿದ್ದು. ಅಪಶಕುನ ಎಂಬ ಭಯ. ಅಪಘಾತವಾದವನನ್ನು ಮೊದಲು ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಮಂಡ್ಯದ ಮಿಮ್ಸ್‌ಗೆ, ಇಲ್ಲವೇ ಮೈಸೂರು, ಬೆಂಗಳೂರಿಗೆ ಕಳಿಸುತ್ತಾರೆ. ಗುರುತು ಸಿಗದವರ ಪಟ್ಟಿ ಅಲ್ಲಿನ ಪೊಲೀಸ್ ಔಟ್‌ಪೋಸ್ಟ್‌ನಲ್ಲಿ ಇರುತ್ತದೆ. ಅದನ್ನೇ ಮೊದಲು ಕೇಳಬೇಕು. ಹಾಗೆಯೇ ಕಾರಿನಲ್ಲಿ ಹೋದವರಾದರೆ ಫಾಸ್ಟ್ಯಾಗ್ ಸಂದೇಶ ಟೋಲ್ ದಾಟಿದ ಸಮಯ ಹೇಳುತ್ತದೆ. ಬೈಕಿಗೆ ಅದು ಇಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕ್ ಬಿಡುವುದೂ ಇಲ್ಲ. ಆದರೆ ಯುಪಿಐ ಪಾವತಿ ಉಂಟಲ್ಲ, ಕೊನೆಯ ಬಾರಿ ಎಲ್ಲಿ, ಯಾವ ಗಂಟೆಗೆ ಹಣ ಕೊಟ್ಟ ಎಂಬುದು ದೊಡ್ಡ ಸುಳಿವು.

ಆಲೆಮನೆಯ ಯಜಮಾನ

ಹುಡುಗ ಸಿಕ್ಕಿದ್ದು ಮರುದಿನ ಅಸರ್ ನಂತರ, ಒಂದು ದೊಡ್ಡ ಸರಕಾರಿ ಆಸ್ಪತ್ರೆಯಲ್ಲಿ, 'ಗುರುತು ಸಿಗದ ವ್ಯಕ್ತಿ' ಎಂಬ ಚೀಟಿಯ ಕೆಳಗೆ. ತಲೆಗೆ ಪೆಟ್ಟು, ಕಾಲು ಮುರಿದಿತ್ತು. ಅಲ್‌ಹಮ್ದುಲಿಲ್ಲಾಹ್, ಉಸಿರು ಇತ್ತು.

ಕಬ್ಬಿನ ಟ್ರ್ಯಾಕ್ಟರ್ ತಪ್ಪಿಸಲು ಹೋಗಿ ಬೈಕ್ ಗದ್ದೆಗೆ ಹಾರಿತ್ತು. ರಸ್ತೆಯಿಂದ ನೋಡಿದರೆ ಕಾಣುವಂತಿರಲಿಲ್ಲವಂತೆ. ಶಬ್ದ ಕೇಳಿ ಓಡಿ ಬಂದದ್ದು ಪಕ್ಕದ ಆಲೆಮನೆಯ ಯಜಮಾನ. ಬೆಲ್ಲ ಸಾಗಿಸುವ ಗೂಡ್ಸ್ ಆಟೋದಲ್ಲಿ ಹುಡುಗನನ್ನು ಮಲಗಿಸಿ ಆಸ್ಪತ್ರೆಗೆ ತಂದದ್ದು ಅವರೇ. ಮರುದಿನವೂ ಬಂದು ಬಾಗಿಲ ಬಳಿ ನಿಂತಿದ್ದರು. ಉಪ್ಪ ಅವರ ಕೈ ಹಿಡಿದುಕೊಂಡು ಅತ್ತರು. ಆ ಮನುಷ್ಯ ಹೇಳಿದ್ದು ಇಷ್ಟು, "ಹೆತ್ತೋರು ಎಲ್ಲೋ ಕಾಯ್ತಿರ್ತಾರೆ ಅಂತ ನಂಗೂ ಗೊತ್ತಿತ್ತು ಸಾ. ಫೋನ್ ಒಡೆದೋಗಿತ್ತು. ಯಾರಿಗ್ ಹೇಳನ?"

ಪೊಲೀಸರೂ ಸುಮ್ಮನಿರಲಿಲ್ಲ. ಬೈಕಿನ ನಂಬರ್ ಹಿಡಿದು ಮಾಲಕನಿಗೆ ಫೋನ್ ಮಾಡಿದ್ದರು. ಆದರೆ ದಾಖಲೆಯಲ್ಲಿದ್ದದ್ದು ಹಳೆಯ ಮಾಲಕನ ಹೆಸರು. ಅವನು ಮಾರಿದ್ದು ಇನ್ನೊಬ್ಬನಿಗೆ, ಆ ಇನ್ನೊಬ್ಬ ಮಾರಿದ್ದು ನಮ್ಮ ಹುಡುಗನಿಗೆ. ಆರ್‌ಸಿ ವರ್ಗಾವಣೆ ಮಾಡದ್ದರಿಂದ ಒಂದು ರಾತ್ರಿ, ಒಂದು ಹಗಲು ವ್ಯರ್ಥ. ಪರ್ಸಿನಲ್ಲಿ ಮನೆಯ ನಂಬರ್ ಬರೆದ ಒಂದು ಚೀಟಿ ಇದ್ದಿದ್ದರೆ ಸಾಕಿತ್ತು.

ಅಪಘಾತಕ್ಕೊಳಗಾದವರಿಗೆ ನೆರವಾದವರನ್ನು ಪೊಲೀಸರು ಪೀಡಿಸುವಂತಿಲ್ಲ, ಹೆಸರು ಹೇಳಲು ಬಲವಂತ ಮಾಡುವಂತಿಲ್ಲ. 2016ರ ಸುಪ್ರೀಂ ಕೋರ್ಟ್ ಆದೇಶ, ನಂತರ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಇಂತಹವರಿಗೆ ರಕ್ಷಣೆ ಕೊಟ್ಟಿವೆ. ಆಲೆಮನೆಯ ಯಜಮಾನರಿಗೆ ಈ ಕಾನೂನು ಗೊತ್ತಿತ್ತೋ ಇಲ್ಲವೋ, ಮನುಷ್ಯತ್ವ ಗೊತ್ತಿತ್ತು. ನಮ್ಮ ಊರಿನ ರಸ್ತೆಯಲ್ಲಿ ಬೇರೆ ಊರಿನ ಮಗು ಬಿದ್ದಿದ್ದರೆ ನಾವು ಹಾಗೆ ಓಡುತ್ತೇವಾ? ಈ ಪ್ರಶ್ನೆ ನಾನು ಮದ್ರಸದ ಮಕ್ಕಳಿಗೆ ಕೇಳುವುದುಂಟು.

ಹುಡುಕಾಟ ಮತ್ತು ಗುಲ್ಲು

ನಮ್ಮ ಹುಡುಗ ಕಾಣದಾದ ರಾತ್ರಿ ಊರಿನಲ್ಲಿ "ಯಾರೋ ಎತ್ತಿಕೊಂಡು ಹೋಗಿದ್ದಾರೆ" ಎಂಬ ಮಾತೂ ಹುಟ್ಟಿತ್ತು. ಎತ್ತಿಕೊಂಡು ಹೋದವರ ಜಾತಿಯನ್ನೂ ಹೇಳುವವರಿದ್ದರು. ಈ ಗುಲ್ಲು ಎಷ್ಟು ಅಪಾಯ ಎಂದು ನಮ್ಮ ಜಿಲ್ಲೆಗೆ ಗೊತ್ತುಂಟು. 2025ರ ಫೆಬ್ರವರಿಯಲ್ಲಿ ಬಂಟ್ವಾಳ ತಾಲೂಕಿನ ಪಿಯುಸಿ ವಿದ್ಯಾರ್ಥಿಯೊಬ್ಬ ಕಾಣೆಯಾದಾಗ ಊರೇ ಕುದಿಯಿತು. ಪ್ರತಿಭಟನೆ ಆಯಿತು, ಹೈಕೋರ್ಟಿಗೂ ಹೋಯಿತು. ಕೊನೆಗೆ ಮಾರ್ಚ್ 8ರಂದು ಆತ ಉಡುಪಿಯಲ್ಲಿ ಕ್ಷೇಮವಾಗಿ ಸಿಕ್ಕಿದ. ಪರೀಕ್ಷೆಯ ಭಯಕ್ಕೆ ತಾನೇ ಮನೆ ಬಿಟ್ಟಿದ್ದ. ಯಾರೂ ಎತ್ತಿಕೊಂಡು ಹೋಗಿರಲಿಲ್ಲ.

ಇದಕ್ಕೆ ವಿರುದ್ಧವಾದದ್ದನ್ನೂ ನಾವು ನೋಡಿದ್ದೇವೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕೋಝಿಕ್ಕೋಡಿನ ಲಾರಿ ಚಾಲಕನೊಬ್ಬ ಕಾಣೆಯಾದ. ಆತ ಹಿಂದೂ, ಲಾರಿಯ ಮಾಲಕ ಮುಸ್ಲಿಂ. ಮಾಲಕ ವಾರಗಟ್ಟಲೆ ಆ ಹೊಳೆ ದಡದಲ್ಲೇ ಕಾದರು. ನಮ್ಮ ಮಲ್ಪೆಯ ಮುಳುಗುಗಾರ ಈಶ್ವರ್ ಅವರು ಗಂಗಾವಳಿಯ ಸೆಳೆತಕ್ಕೆ ಇಳಿದರು. 72ನೇ ದಿನ, ಸೆಪ್ಟೆಂಬರ್ 25ರಂದು, ಲಾರಿಯೂ ದೇಹವೂ ಸಿಕ್ಕಿತು. ಜೀವ ಉಳಿಯಲಿಲ್ಲ. ಆದರೆ ಮನೆಯವರಿಗೆ ಮಗನ ಅಂತ್ಯಸಂಸ್ಕಾರ ಮಾಡುವ ನೆಮ್ಮದಿ ಸಿಕ್ಕಿತು.

ಯೂಸುಫ್ ನಬಿ ಕಾಣೆಯಾದಾಗ ತಂದೆ ಯಾಕೂಬ್ ನಬಿ ಅತ್ತು ಅತ್ತು ಕಣ್ಣಿನ ಬೆಳಕು ಕಳೆದುಕೊಂಡ ಕತೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಅವರು ಅತ್ತು ಸುಮ್ಮನೆ ಕೂರಲಿಲ್ಲ. ವರ್ಷಗಳ ನಂತರವೂ ಮಕ್ಕಳಿಗೆ ಹೋಗಿ ಹುಡುಕಿ, ಅಲ್ಲಾಹನ ಕರುಣೆಯಲ್ಲಿ ನಿರಾಶರಾಗಬೇಡಿ ಎಂದರು. ದುಆ ಬೇಕು, ಹುಡುಕಾಟವೂ ಬೇಕು.

"ಬೈಯಬೇಡಿ"

ಮೂರನೇ ದಿನ ಹುಡುಗನಿಗೆ ಸರಿಯಾಗಿ ಪ್ರಜ್ಞೆ ಬಂತು. ಕಣ್ಣು ಬಿಟ್ಟು ಉಪ್ಪನನ್ನು ನೋಡಿದ. ನೋವಾಗುತ್ತದೆ ಎಂದು ಹೇಳಲಿಲ್ಲ, ನೀರು ಕೇಳಲಿಲ್ಲ. "ಉಪ್ಪಾ, ಬೈಯಬೇಡಿ" ಎಂದ.

ಉಪ್ಪ ಹೊರಗೆ ಬಂದು ವರಾಂಡದಲ್ಲಿ ಕುಳಿತರು. ಸ್ವಲ್ಪ ಹೊತ್ತಿನ ನಂತರ ಹೇಳಿದರು, "ಉಸ್ತಾದ್, ಅವನು ನನಗೆ ಹೆದರಿ ದಾರಿ ಹೇಳಲಿಲ್ಲ. ಹೇಳಿದ್ದರೆ ನಾವು ಆ ದಿನವೇ ಹುಡುಕುತ್ತಿದ್ದೆವು." ನಾನು ಏನೂ ಹೇಳಲಿಲ್ಲ. ಅವನಿಗೆ ಹೆದರಲು ಕಲಿಸಿದವರಲ್ಲಿ ನಾನೂ ಒಬ್ಬ. ನನ್ನ ಬೆತ್ತದ ಏಟು ತಿಂದವನೇ ಅವನು.

ಮಕ್ಕಳು ಬೈಕ್ ಹತ್ತುತ್ತಾರೆ, ಟ್ರಿಪ್ ಹೋಗುತ್ತಾರೆ. ಅದನ್ನು ನಿಲ್ಲಿಸಲು ನಮ್ಮಿಂದ ಆಗದು. ರಾತ್ರಿ ಒಂಟಿಯಾಗಿ ಪ್ರಯಾಣ ಬೇಡ ಎನ್ನೋಣ, ನೀರಿಗೆ ಇಳಿಯಬೇಡಿ ಎನ್ನೋಣ, ಹೆಲ್ಮೆಟ್ ಹಾಕಿ ಎನ್ನೋಣ. ಅದರ ಜೊತೆಗೆ ಇನ್ನೊಂದು ಮಾತು ಹೇಳಬೇಕು, "ಎಲ್ಲಿಗೆ ಹೋದರೂ ಹೇಳಿ ಹೋಗು, ತಪ್ಪು ಮಾಡಿದರೂ ಫೋನ್ ಮಾಡು, ಬೈಯುವುದಿಲ್ಲ." ಹೇಳಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳಲೂ ಬೇಕು.

ಹುಡುಗ ಈಗ ಓದು ಮುಂದುವರಿಸಿದ್ದಾನೆ. ನಡೆಯುವಾಗ ಸ್ವಲ್ಪ ಕುಂಟುತ್ತಾನೆ. ಬೆಂಗಳೂರಿನಿಂದ ಬಸ್ ಹತ್ತಿದ ಕೂಡಲೇ ಮನೆಗೆ ಫೋನ್ ಮಾಡುತ್ತಾನೆ. ನನಗೂ ಒಂದು ಮೆಸೇಜ್ ಬರುತ್ತದೆ, "ಹೊರಟೆ ಉಸ್ತಾದ್" ಎಂದು. ಎಷ್ಟೇ ರಾತ್ರಿಯಾದರೂ ನಾನು ಅದಕ್ಕೆ ಉತ್ತರ ಹಾಕಿಯೇ ಮಲಗುವುದು.