‘ಅಟ್ ಲೀಸ್ಟ್’ ಮತ್ತು ‘ಆದರೂ’

ರಾಜರಾಜೇಶ್ವರಿನಗರದ ನಮ್ಮ ಮನೆಗೆ ಒಂದು ಸಂಜೆ ನನ್ನ ವಿದ್ಯಾರ್ಥಿನಿಯೊಬ್ಬಳು ಮನವಿಪತ್ರದ ಕರಡನ್ನು ಹಿಡಿದು ಬಂದಳು. ತಂದೆಯ ಕೆಲಸ ಹೋಗಿತ್ತು. ಶುಲ್ಕದಲ್ಲಿ ರಿಯಾಯಿತಿ ಬೇಕಾಗಿತ್ತು. ಮೊದಲು ಇಂಗ್ಲಿಷಿನಲ್ಲಿ ಬರೆದು ಅನಂತರ ಕನ್ನಡಕ್ಕೆ ತಿರುಗಿಸಿದ್ದಳು. ಅದರಲ್ಲೊಂದು ವಾಕ್ಯ: ‘ನಾನು ಕನಿಷ್ಠಪಕ್ಷ ಅರ್ಧ ಶುಲ್ಕವನ್ನು ಕಟ್ಟಬಲ್ಲೆ.’

“ಅರ್ಧಕ್ಕಿಂತ ಹೆಚ್ಚು ಕಟ್ಟಲು ಸಾಧ್ಯವೇನಮ್ಮಾ?” ಎಂದೆ.

“ಇಲ್ಲ ಸಾರ್, ಅರ್ಧಕ್ಕೇ ಅಮ್ಮ ಬಳೆ ಅಡವಿಡಬೇಕು.”

“ಹಾಗಾದರೆ ನಿನ್ನ ಪತ್ರ ಹೇಳುತ್ತಿರುವುದೇ ಬೇರೆ” ಎಂದು ಅವಳನ್ನು ಕೂರಿಸಿದೆ.

ಇಂಗ್ಲಿಷಿನ ‘ಅಟ್ ಲೀಸ್ಟ್’ ಎಂಬ ಪದಪುಂಜ ಎರಡು ಕೆಲಸ ಮಾಡುತ್ತದೆ. ‘ಸಭೆಗೆ ಕನಿಷ್ಠ ಹತ್ತು ಮಂದಿ ಬೇಕು’ ಎನ್ನುವಲ್ಲಿ ಅದು ಲೆಕ್ಕದ ಕೆಳಗಣ ಎಲ್ಲೆ. ಹತ್ತರ ಮೇಲೆ ಎಷ್ಟಾದರೂ ಆಗಬಹುದು. ‘ಮಳೆ ಬಾರದಿದ್ದರೂ ಮೋಡವಾದರೂ ಬಂತು’ ಎನ್ನುವಲ್ಲಿ ಅದು ಲೆಕ್ಕವಲ್ಲ, ಸಮಾಧಾನ. ಇಂಗ್ಲಿಷು ಎರಡಕ್ಕೂ ಒಂದೇ ಮಾತನ್ನಿಟ್ಟುಕೊಂಡು ಸಂದರ್ಭವನ್ನು ನಂಬಿದೆ. ಕನ್ನಡದಲ್ಲಿ ಮೊದಲನೆಯದಕ್ಕೆ ‘ಕನಿಷ್ಠ’ವುಂಟು, ಎರಡನೆಯದಕ್ಕೆ ‘ಆದರೂ’ ಉಂಟು. ‘ಕನಿಷ್ಠ ಅರ್ಧ’ವೆಂದು ಓದಿದ ಗುಮಾಸ್ತರು ‘ಇನ್ನೂ ಸ್ವಲ್ಪ ಹೆಚ್ಚು ಕಟ್ಟಬಹುದಲ್ಲ’ ಎಂದರೆ ತಪ್ಪು ಅವರದಲ್ಲ.

ಇನ್ನು ಸ್ಥಾನದ ವಿಚಾರ. ಇಂಗ್ಲಿಷಿನಲ್ಲಿ ‘ಅಟ್ ಲೀಸ್ಟ್’ ಯಾವ ಪದಕ್ಕೆ ಸಲ್ಲಬೇಕೋ ಸಾಮಾನ್ಯವಾಗಿ ಅದರ ಮುಂದೆಯೇ ನಿಲ್ಲಬೇಕು. ಜಾಗ ತಪ್ಪಿದರೆ ಅರ್ಥವೂ ಜಾರೀತು. ನಮ್ಮಲ್ಲಿ ‘ಆದರೆ’ಗೆ ‘ಊ’ ಸೇರಿ ಹುಟ್ಟಿದ ಈ ಪುಟ್ಟ ಮಾತು ಪದದ ಬೆನ್ನಿಗೇ ಅಂಟಿಕೊಳ್ಳುತ್ತದೆ. ‘ರಾಮನಾದರೂ ಹತ್ತು ರೂಪಾಯಿ ಕೊಟ್ಟ’ ಎಂದರೆ ಉಳಿದವರು ಕೊಡಲಿಲ್ಲ. ‘ರಾಮ ಹತ್ತು ರೂಪಾಯಿಯನ್ನಾದರೂ ಕೊಟ್ಟ’ ಎಂದರೆ ಹೆಚ್ಚು ಕೊಡಬೇಕಾಗಿತ್ತು. ‘ರಾಮ ಕನಿಷ್ಠ ಹತ್ತು ರೂಪಾಯಿ ಕೊಟ್ಟ’ ಎಂದರೆ ಹತ್ತಕ್ಕೆ ಕಡಮೆಯಂತೂ ಇಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೆಂದು ಒಂದು ಪ್ರಕರಣವನ್ನೇ ಮೀಸಲಿಟ್ಟದ್ದು ಸುಮ್ಮನೆಯಲ್ಲ; ಸಣ್ಣ ಮಾತುಗಳೇ ವಾಕ್ಯದ ಭಾರವನ್ನು ಹೊರುತ್ತವೆ.

ನಮ್ಮ ಬಡಾವಣೆಯ ಬಸ್ಸಿನಲ್ಲಿ ಕಿವಿಗೊಟ್ಟು ನೋಡಿ: ‘ಅಟ್ ಲೀಸ್ಟ್ ಒಂದು ಫೋನಾದರೂ ಮಾಡಬಾರದಿತ್ತೇ?’ ಇಂಗ್ಲಿಷು ಮುಂದೆ ಕುಳಿತಿದ್ದರೂ ಹಿಂದಿನ ‘ಆದರೂ’ ಬಿಟ್ಟುಹೋಗಿಲ್ಲ. ಮುನಿಸು, ಅಕ್ಕರೆ ಎರಡೂ ಇರುವುದು ಅದರಲ್ಲಿಯೇ. ಆಡುವಾಗ ತಪ್ಪದ ನಾವು ಬರೆಯಲು ಕುಳಿತಾಗ ಮಾತ್ರ ಏಕೆ ತಪ್ಪುತ್ತೇವೆ? ಬರವಣಿಗೆಗೆ ಮನೆಯ ಮಾತು ಸಾಲದೆಂಬ ಅಂಜಿಕೆಯಿಂದ.

“ಇದನ್ನೇ ಅಮ್ಮನಿಗೆ ಹೇಗೆ ಹೇಳುತ್ತೀ?” ಎಂದು ಕೇಳಿದೆ. ಹುಡುಗಿ ಕ್ಷಣಕಾಲ ಯೋಚಿಸಿ ಬರೆದಳು: ‘ಪೂರ್ತಿ ಶುಲ್ಕ ಕಟ್ಟುವ ಶಕ್ತಿ ನಮಗಿಲ್ಲ. ಅರ್ಧವನ್ನಾದರೂ ಕಟ್ಟುತ್ತೇನೆ, ಅದಕ್ಕಿಂತ ಹೆಚ್ಚು ಆಗದು.’

ನಾನು ತಿದ್ದಲು ಏನೂ ಉಳಿಯಲಿಲ್ಲ. ಕಷ್ಟವೂ ಅಲ್ಲಿತ್ತು, ಮಾನವೂ ಅಲ್ಲಿತ್ತು.