ಪೆಟ್ಟಿಗೆ ಹೇಳಿದ್ದೊಂದು, ತಟ್ಟೆಯಲ್ಲಿದ್ದದ್ದೊಂದು

ಹೊಸೂರಿನಿಂದ ತಳಿ ದಾಟಿ ಕಾಡಿನ ಅಂಚಿಗೆ ಹೋದರೆ ಜವಳಗಿರಿ ಸಿಗುತ್ತದೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ ಊರು. 2004ಕ್ಕೆ ಮುಂಚೆ ಧರ್ಮಪುರಿ ಜಿಲ್ಲೆಯಲ್ಲಿತ್ತು. ಕಚೇರಿಯಲ್ಲಿ ತಮಿಳು, ಅನೇಕ ಮನೆಗಳಲ್ಲಿ ಕನ್ನಡ. ಕಾಸರಗೋಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಡಿಸೆಂಬರ್ ರಜೆಯಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಮಾತಾಡಿಕೊಂಡಿದ್ದು ಬರೋಣವೆಂದು ಹೋದವನು ನಾಲ್ಕು ದಿನ ಹುಳು ಮನೆಯಲ್ಲೇ ಕಳೆದೆ.

ಅವರದು ಚಾಕಿ ಕಟ್ಟುವ ಮನೆ. ಮೊಟ್ಟೆಯೊಡೆದ ರೇಷ್ಮೆ ಹುಳುವನ್ನು ಎರಡನೇ ಜ್ವರದವರೆಗೆ ಸಾಕಿ ಸುತ್ತಲಿನ ಹತ್ತು ಮನೆಗಳಿಗೆ ಕೊಡುತ್ತಾರೆ. ಅಲ್ಲಿ ತಪ್ಪಾದರೆ ಹತ್ತು ಮನೆಗಳ ಬೆಳೆಯೂ ಹೋಗುತ್ತದೆ. ಚಾಕಿ ಹುಳುವಿಗೆ 27ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ, 85 ಪರ್ಸೆಂಟಿನಷ್ಟು ತೇವ ಬೇಕು. ದೊಡ್ಡದಾದಂತೆ ಶಾಖ ಇಳಿಸುತ್ತ ಬಂದು ಐದನೇ ಹಂತಕ್ಕೆ 24 ಸಾಕು. ಹುಳುವಿಗೆ ಸ್ವಂತ ಮೈಬಿಸಿ ಇಲ್ಲ, ಕೋಣೆಯ ಶಾಖವೇ ಅದರ ಶಾಖ. ಸುಮಾರು ಮೂರು ಸಾವಿರ ಅಡಿ ಎತ್ತರದ ಈ ಸೀಮೆಯ ಡಿಸೆಂಬರಿನಲ್ಲಿ ಹೀಟರ್ ಇಲ್ಲದೆ ಚಾಕಿ ಇಲ್ಲ.

ಹೀಟರನ್ನು ಹಚ್ಚಿ ಆರಿಸಲು ಗೋಡೆಗೊಂದು ಥರ್ಮೋಸ್ಟಾಟ್ ಪೆಟ್ಟಿಗೆ ಹಾಕಿಸಿದ್ದರು. ನಮ್ಮ ಇಸ್ತ್ರಿಪೆಟ್ಟಿಗೆಯಲ್ಲಿ ಎರಡು ಲೋಹದ ಪಟ್ಟಿ ಬಾಗಿ ಮಾಡುವ ಕೆಲಸವನ್ನು ಇಲ್ಲಿ ಮೆಣಸಿನ ಕಾಳಿನಷ್ಟು ದೊಡ್ಡ ಸೆನ್ಸರ್ ಮಾಡುತ್ತದೆ.

“ಮೇಷ್ಟ್ರೇ, ಮೊದಲನೇ ಸಾರಿ ಪೆಟ್ಟಿಗೆ 27 ಅಂತಿತ್ತು, ರಾತ್ರಿ ಒಳಗೆ ಕಾಲಿಟ್ಟರೆ ಬೆವರು. ತಟ್ಟೆ ಮೇಲೆ 31. ಅಂಗಡಿಯವರು ಬಂದು ನಾಲ್ಕು ಡಿಗ್ರಿ ಜಾಸ್ತಿ ತೋರಿಸೋ ಹಂಗೆ ತಿದ್ದಿ ಹೋದರು. ಈಗ ನೋಡಿದರೆ ಹುಳು ಒಂದು ಜ್ವರಕ್ಕೆ ಕೂತೈತೆ, ಇನ್ನೊಂದು ಸೊಪ್ಪು ತಿಂತೈತೆ” ಎಂದರು ಯಜಮಾನರು. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವಂತಿಲ್ಲ, ತಿನ್ನುವ ಹುಳುವನ್ನು ಉಪವಾಸ ಕೆಡವುವಂತಿಲ್ಲ. ಒಂದೇ ತಟ್ಟೆಯಲ್ಲಿ ಎರಡೂ ಇದ್ದರೆ ಏನು ಮಾಡುವುದು? ಮನೆಯಾಕೆ ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಮೊದಲು ಅಳೆಯುವ ಸಾಧನ ಸರಿಯಿರಬೇಕಷ್ಟೆ. ಶಾಲೆಯೊಂದರಿಂದ ಗಾಜಿನ ಥರ್ಮಾಮೀಟರ್ ತರಿಸಿದೆವು. (ಜ್ವರ ನೋಡುವ ಕಡ್ಡಿ ಇದಕ್ಕಾಗದು, ಅದು ಶುರುವಾಗುವುದೇ 35ರಿಂದ.) ಐಸನ್ನು ಪುಡಿ ಮಾಡಿ ಸ್ವಲ್ಪ ನೀರು ಬೆರೆಸಿ ಕಲಕಿ ಇಟ್ಟರೆ ಸೊನ್ನೆ ತೋರಿಸಬೇಕು, ತೋರಿಸಿತು. ಕುದಿಯುವ ನೀರಿನಲ್ಲಿ ನೋಡೋಣವೆಂದ ಹುಡುಗನನ್ನು ತಡೆದೆ. ಆ ಎತ್ತರದಲ್ಲಿ ನೀರು 97ರ ಸುಮಾರಿಗೇ ಕುದಿಯುತ್ತದೆ, ಸರಿಯಿದ್ದ ಥರ್ಮಾಮೀಟರನ್ನೇ ಕೆಟ್ಟಿದೆಯೆಂದು ಎಸೆಯುತ್ತಿದ್ದೆವು.

ಥರ್ಮಾಮೀಟರನ್ನು ನಡು ತಟ್ಟೆಯ ಮಟ್ಟದಲ್ಲಿ ನೇತುಹಾಕಿ ಒಂದು ದಿನವಿಡೀ ಬರೆದಿಟ್ಟೆವು. ಬರೆದವಳು ಹತ್ತನೇ ಕ್ಲಾಸಿನ ಮಗಳು. ಮಧ್ಯಾಹ್ನ ಮೂರಕ್ಕೆ ಪೆಟ್ಟಿಗೆ 30, ತಟ್ಟೆ 25. ಸಂಜೆ ಆರಕ್ಕೆ 28 ಮತ್ತು 22. ರಾತ್ರಿ ಹತ್ತಕ್ಕೆ 27 ಮತ್ತು 26. ಬೆಳಗಿನ ಜಾವ ಐದಕ್ಕೆ 27 ಮತ್ತು 28.

ಯಂತ್ರವೇ ಸದಾ ನಾಲ್ಕು ಡಿಗ್ರಿ ತಪ್ಪು ತೋರಿಸುವಂಥದಾದರೆ ಆ ತಪ್ಪು ಹಗಲೂ ರಾತ್ರಿಯೂ ನಾಲ್ಕೇ ಇರುತ್ತದೆ, ಅಂಗಡಿಯವರು ಮಾಡಿದಂತೆ ಒಮ್ಮೆ ತಿದ್ದಿದರೆ ಮುಗಿಯಿತು. ಇಲ್ಲಿ ವ್ಯತ್ಯಾಸ ಹೊತ್ತಿಗೊಂದು ಬಗೆ. ಅಂದ ಮೇಲೆ ಪೆಟ್ಟಿಗೆ ಸುಳ್ಳು ಹೇಳುತ್ತಿಲ್ಲ, ಅದಿರುವ ಜಾಗದ ಶಾಖವನ್ನು ಹೇಳುತ್ತಿದೆ. ಆ ಜಾಗ ಯಾವುದು? ಪಡುವಣ ಗೋಡೆ! ಮಧ್ಯಾಹ್ನದ ಬಿಸಿಲು ಕುಡಿದು ಸಂಜೆಯವರೆಗೂ ಬೆಚ್ಚಗಿರುವ ಗೋಡೆ. ಹುಳು ಚಳಿಯಲ್ಲಿದ್ದರೂ ಪೆಟ್ಟಿಗೆಗೆ ಬೆಚ್ಚಗೆ, ಹೀಟರ್ ಹತ್ತುವುದಿಲ್ಲ. ಮೇಲಾಗಿ ಅಂಗಡಿಯವರ ನಾಲ್ಕು ಡಿಗ್ರಿ ಬೇರೆ ಸೇರಿಕೊಂಡಿದೆ.

ಹಾಗಾದರೆ ಮೊದಲು ರಾತ್ರಿ ಸೆಕೆಯಾದದ್ದೇಕೆ? ಗಾಳಿ ನುಗ್ಗುತ್ತಿದೆಯೋ ನೋಡಲು ಊದುಬತ್ತಿ ಹಚ್ಚೋಣವೆಂದೆ. “ಹುಳುವಿನ ಮನೆಯಲ್ಲಿ ಹೊಗೆಯಾ ಮೇಷ್ಟ್ರೇ!” ಎಂದು ಮನೆಯಾಕೆ ಗದರಿಸಿದರು, ತಪ್ಪು ನನ್ನದೇ. ಬೇರೆ ಕಂಬಿಯಲ್ಲಿ ಬಂದ ಮೈನ್ ಆರಿಸಿ ಪೆಟ್ಟಿಗೆಯ ಮುಚ್ಚಳ ತೆಗೆದು ಹೊಲಿಗೆ ನೂಲಿನ ಎಳೆಯೊಂದನ್ನು ಹಿಡಿದಾಗ ಅದು ಕೋಣೆಯ ಕಡೆಗೆ ತೊನೆಯಿತು. ವೈರು ತರಲು ಕೊರೆದ ಬೆರಳು ಗಾತ್ರದ ತೂತು ಹಿಂದೆ ಹಾಗೇ ಇತ್ತು. ಕೋಣೆಯ ಬಿಸಿ ಗಾಳಿ ಮೇಲಿನ ಕಿಂಡಿಯಿಂದ ಹೊರಟಂತೆ ಹೊರಗಿನ ಚಳಿಗಾಳಿ ತೂತಿನಿಂದ ನೇರ ಸೆನ್ಸರಿನ ಮೇಲೆ ಬೀಳುತ್ತಿತ್ತು. ರಾತ್ರಿಯಿಡೀ ಅದಕ್ಕೆ ಚಳಿ, ರಾತ್ರಿಯಿಡೀ ಹೀಟರ್ ಉರಿ.

ವೈರಿಂಗ್ ಬಲ್ಲವರನ್ನು ಕರೆಸಿ ತೂತನ್ನು ಗಟ್ಟಿಯಾಗಿ ಮುಚ್ಚಿಸಿದೆವು. ಸೆನ್ಸರಿನ ವೈರು ಉದ್ದ ಮಾಡಿಸಿ ಕೋಣೆಯ ನಡುವೆ, ತಟ್ಟೆಯ ಮಟ್ಟಕ್ಕೆ, ಹೀಟರಿನ ಝಳ ನೇರ ತಾಗದಂತೆ ಇಳಿಬಿಟ್ಟೆವು. ಒದ್ದೆ ಗೋಣಿಗೆ ತಗುಲಬಾರದು. ತಗುಲಿದರೆ ನೀರು ಆರುವಾಗ ಸೆನ್ಸರೂ ತಣ್ಣಗಾಗಿ ಮತ್ತೆ ಮೋಸ. ಅಂಗಡಿಯವರ ತಿದ್ದುಪಡಿಯನ್ನು ಸೊನ್ನೆಗೆ ತಂದೆವು. ಮರುದಿನ ನಾಲ್ಕು ಹೊತ್ತಿನಲ್ಲೂ ವ್ಯತ್ಯಾಸ ಒಂದು ಡಿಗ್ರಿ ಮೀರಲಿಲ್ಲ.

ವಿದೇಶದಲ್ಲಿ ಮಕ್ಕಳಿರುವ ಓದುಗರಿಗೂ ಒಂದು ಮಾತು. ಅಲ್ಲಿನ ಮನೆಗಳನ್ನು ಬೆಚ್ಚಗಿಡುವ ಹೀಟ್ ಪಂಪ್ ನಮ್ಮ ಫ್ರಿಜ್ಜಿನ ಜಾತಿಯದೇ. ಹೊರಗಿನ ಶಾಖವನ್ನು ಒಳಗೆ ಸಾಗಿಸುವುದರಿಂದ ಒಂದು ಯೂನಿಟ್ ಕರೆಂಟಿಗೆ ಎರಡು ಮೂರು ಯೂನಿಟ್ಟಿನ ಶಾಖ ಕೊಡುತ್ತದೆ. ಗೋಡೆಯ ಥರ್ಮೋಸ್ಟಾಟ್ ತಪ್ಪಿದ್ದರೆ ಕೋಪದಿಂದ ಐದಾರು ಡಿಗ್ರಿ ಒಮ್ಮೆಲೇ ಏರಿಸುತ್ತಾರೆ. ಆಗ ಅನೇಕ ಯಂತ್ರಗಳಲ್ಲಿ ಸಹಾಯಕ್ಕಿರುವ ಬರೀ ಕರೆಂಟ್ ಹೀಟರ್ ಹತ್ತಿಕೊಂಡು ಬಿಲ್ಲು ಏರುತ್ತದೆ. ಅಲ್ಲಿಯೂ ಮೊದಲು ನೋಡಬೇಕಾದದ್ದು ಪೆಟ್ಟಿಗೆಯ ಹಿಂದಿನ ತೂತು. ನಮ್ಮೂರ ಏಸಿಗಳಾದರೂ ಸಾಮಾನ್ಯವಾಗಿ ಮಾಡಿನ ಹತ್ತಿರದ ಗಾಳಿಯನ್ನು ಅಳೆಯುತ್ತವೆ, ಮಂಚದ ಮೇಲಿನದನ್ನಲ್ಲ.

ಜವಳಗಿರಿಯ ಆ ಸಾರಿಯ ಹುಳುವನ್ನು ಹಿರಿದು ಕಿರಿದೆಂದು ಬೇರೆ ಬೇರೆ ತಟ್ಟೆಗೆ ಎತ್ತಿ ಹೇಗೋ ಉಳಿಸಿಕೊಂಡರು. ಎರಡು ಮನೆಗಳಿಗೆ ಕೊಡಲಾಗಲಿಲ್ಲ. ಅದರ ಹಣ ಹಿಂದಿರುಗಿಸಿದರು. ಜನವರಿಯ ಚಾಕಿ ಎರಡನೇ ಜ್ವರಕ್ಕೆ ಎಲ್ಲ ತಟ್ಟೆಯೂ ಒಂದೇ ದಿನ ಕೂತಿತೆಂದು ಫೋನ್ ಬಂತು. ಪೆಟ್ಟಿಗೆಯೊಂದಿಗೆ ಬಂದ ಸೂಚನೆಯ ಕಾಗದ ಇಂಗ್ಲಿಷಿನಲ್ಲಿತ್ತು. ಮಗಳು ಅದನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ದಾಳಂತೆ. ಕೊನೆಯ ಸಾಲು ಅವಳದೇ: “ಹುಳು ಮನೆಯಲ್ಲಿ ಯಾರೂ ಊದುಬತ್ತಿ ಹಚ್ಚಬಾರದು, ಮೇಷ್ಟ್ರೂ ಸಹ.”